ಹೆಪ್ಪಿನ ಜಾಡಿ: ಮಂಗಳವಾರದ ಹಳದಿ ಹಲ್ಲು

"ಬಾಯಿ ಇನ್ನೂ ಸ್ವಲ್ಪ ಅಗಲ ಮಾಡು. ಮೂವತ್ತು ವರ್ಷ ಕಂಡವರ ಬಾಯಿ ಬಿಡಿಸಿದ್ದೀಯ, ನಿಂದು ಬಿಡೋಕೆ ಏನು ಕಷ್ಟ?"

ನಿವೃತ್ತ ಇನ್ಸ್‌ಪೆಕ್ಟರು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಎರಡು ಕೆನ್ನೆಯೊಳಗೂ ಹತ್ತಿಯ ಸುರುಳಿ, ನಾಲಗೆಯ ಕೆಳಗೆ ಎಂಜಲು ಎಳೆಯುವ ಕೊಳವೆ, ಕಣ್ಣು ಕುಕ್ಕುವ ದೀಪ. ಅವರ ಕಾಲದಲ್ಲಿ ಠಾಣೆಯ ಹಿಂದಿನ ಕೋಣೆಯಲ್ಲೂ ಇಷ್ಟು ಸಲಕರಣೆ ಇರಲಿಲ್ಲ. ಹೂಂ ಎಂದರೂ ಊಹೂಂ ಎಂದರೂ ಒಂದೇ ಸದ್ದು ಬರುತ್ತಿತ್ತು.

ತಲೆಯ ಮೇಲೆ ಬಾಗಿದ್ದವಳು ಅವರ ಸ್ವಂತ ತಂಗಿ, ಹಲ್ಲಿನ ಡಾಕ್ಟರು. ಅಣ್ಣನನ್ನು ಈ ಕುರ್ಚಿಗೆ ತರಲು ಅವಳಿಗೆ ಮೂರು ವರ್ಷ ಹಿಡಿದಿತ್ತು. ಒಂದೇ ಮನೆಯಲ್ಲಿದ್ದುಕೊಂಡು ಅವರು ಅವಳೆದುರು ಬಾಯಿತುಂಬ ನಗುವುದನ್ನೇ ಬಿಟ್ಟಿದ್ದರು. ಹಲ್ಲು ಎಂಬ ಶಬ್ದ ಬಂದರೆ ಸಾಕು, ಪೇಪರು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಇವತ್ತು ಬೆಳಿಗ್ಗೆ ತಣ್ಣೀರು ಕುಡಿದಾಗ ಹಲ್ಲು ಜುಮ್ ಎಂದು ಲೋಟ ಕೈಜಾರಿತು. ಸದ್ದಿಗೆ ತಂಗಿ ಬಂದಳು. ಅಲ್ಲಿಗೆ ಮುಗಿಯಿತು.

ವಿನೆಗರ್ ಕಾರ್ಖಾನೆಯ ಹೆಪ್ಪಿನ ಜಾಡಿ ಕಳುವಾಗಿ ಇಂದಿಗೆ ಒಂಬತ್ತು ದಿನ. ಸಂಜೆ ಐದರೊಳಗೆ ಇನ್ಸ್‌ಪೆಕ್ಟರು ಬೇರೆ ಕಳ್ಳನನ್ನು ತೋರಿಸದಿದ್ದರೆ ಯಜಮಾನರು ನಾಲಗೆ ಮೇಷ್ಟ್ರ ಮೇಲೆ ಪೊಲೀಸರಿಗೆ ದೂರು ಕೊಡುವವರಿದ್ದರು. ಗೋಡೆ ಗಡಿಯಾರದಲ್ಲಿ ಎರಡೂವರೆ.

ನಾಲಗೆ ಮೇಷ್ಟ್ರು ಪಾಠ ಹೇಳುವವರಲ್ಲ. ಮೂವತ್ತೊಂದು ವರ್ಷದಿಂದ ಆ ಕಾರ್ಖಾನೆಯ ಪ್ರತಿ ಪೀಪಾಯಿಯನ್ನೂ ರುಚಿ ನೋಡಿ, 'ಆಯಿತು' ಎಂದೋ 'ಇನ್ನೂ ಇರಲಿ' ಎಂದೋ ಅಪ್ಪಣೆ ಕೊಡುವವರು. ಈ ತಿಂಗಳ ಕೊನೆಗೆ ಅವರ ನಿವೃತ್ತಿ. ಆಮೇಲೆ ಆ ಕುರ್ಚಿ ಅವರ ಮಗಳಿಗೆ ಎಂದು ಮಾತಾಗಿತ್ತು. ಮಾತೇನೋ ಆಗಿತ್ತು, ಕಳ್ಳನ ಮಗಳನ್ನು ರುಚಿಯ ಕೋಣೆಯೊಳಗೆ ಬಿಟ್ಟುಕೊಳ್ಳುವ ಯಜಮಾನರು ಇನ್ನೂ ಹುಟ್ಟಿಲ್ಲ.

ಇನ್ಸ್‌ಪೆಕ್ಟರು ತಮ್ಮ ಅಪರಾಧವನ್ನು ಕುರ್ಚಿ ಹತ್ತುವ ಮೊದಲೇ ಒಪ್ಪಿಕೊಂಡಿದ್ದರು. ನಿವೃತ್ತಿಯಾದ ಮರುದಿನದಿಂದ ಬೆಳಿಗ್ಗೆ ಎದ್ದ ಕೂಡಲೇ ಒಂದು ದೊಡ್ಡ ಲೋಟ ನಿಂಬೆಹಣ್ಣಿನ ನೀರು, ಆರೋಗ್ಯಕ್ಕೆ. ಅದು ಗಂಟಲಿಳಿದ ಮರುಕ್ಷಣ ಹಲ್ಲುಜ್ಜುವುದು, ಶುಚಿಗೆ. ಹಲ್ಲು ಹಾಳು ಮಾಡಿಕೊಳ್ಳಲು ಇದಕ್ಕಿಂತ ಅಚ್ಚುಕಟ್ಟಾದ ವಿಧಾನವನ್ನು ತಾನು ಕಾಲೇಜಿನಲ್ಲೂ ಓದಿಲ್ಲ ಎಂದು ತಂಗಿ ಹೇಳಿದಳು. ಹುಳಿ ಹಲ್ಲಿನ ಮೇಲಿನ ಎನಾಮಲ್ ಪದರವನ್ನು ಮೆತ್ತಗೆ ಮಾಡುತ್ತದೆ. ಎಂಜಲು ಅದನ್ನು ಸಾವಕಾಶವಾಗಿ ಮತ್ತೆ ಗಟ್ಟಿ ಮಾಡುತ್ತದೆ. ಆ ಸಾವಕಾಶ ಕೊಡದೆ ಬ್ರಷ್ ಹಿಡಿದು ಮೇಲೆ ಬಿದ್ದರೆ ಮೆತ್ತಗಾದದ್ದು ನೊರೆಯ ಜೊತೆ ಬಚ್ಚಲಿಗೆ.

"ಹೋಗಿದ್ದು ವಾಪಸ್ ಬರಲ್ಲ ಅಣ್ಣ. ಉಳಿದಿರೋದನ್ನ ಕಾಯೋಣ," ಎನ್ನುತ್ತ ಅವಳು ಹಲ್ಲುಗಳನ್ನು ಬಟ್ಟೆಯ ತುಂಡಿನಿಂದ ಒಂದೊಂದಾಗಿ ಒರೆಸಿದಳು. "ಹುಳಿ ಬಂದ್ರೆ ಮೊದಲು ಈ ಫ್ಲೋರೈಡ್ ವಾರ್ನಿಷ್ ಜೊತೆ ಜಗಳ ಆಡ್ಲಿ, ಆಮೇಲೆ ನಿನ್ನ ಹಲ್ಲಿನ ಹತ್ರ ಬರ್ಲಿ. ಜುಮ್ ಅನ್ನೋದೂ ಕಮ್ಮಿ ಆಗುತ್ತೆ."

ವಾರ್ನಿಷ್ ಎಂದಾಗ ಇನ್ಸ್‌ಪೆಕ್ಟರ ಕಣ್ಣ ಮುಂದೆ ಬಂದದ್ದು ಮನೆಯ ಬಾಗಿಲು. ಇದೂ ಹೆಚ್ಚು ಕಡಿಮೆ ಅದೇ. ಹೆಬ್ಬೆರಳ ಉಗುರಿನಷ್ಟು ಬಟ್ಟಲಲ್ಲಿ ಜೇನಿನ ಬಣ್ಣದ ಅಂಟು, ಕಣ್ಣಿಗೆ ಕಾಡಿಗೆ ಹಚ್ಚುವಷ್ಟು ಸಣ್ಣ ಕುಂಚ, ಒಂದು ಹಲ್ಲಿಗೆ ಎರಡು ಎಳೆ. ಬಡಗಿಯ ವಾರ್ನಿಷ್ ಒದ್ದೆ ತಾಗಿದರೆ ಕೆಡುತ್ತದೆ. ಇದು ಎಂಜಲು ತಾಗಿದರೇ ಗಟ್ಟಿ. ಬಾಯಿತುಂಬ ಮರದಂಟಿನ ವಾಸನೆ, ಅದರ ಮೇಲೆ ಸ್ವಲ್ಪ ಪುದೀನ.

ಅದರ ನಡುವೆ ಮೂಗಿಗೆ ಒಂದು ಎಳೆ ಹುಳಿಯೂ ಬಡಿಯಿತು. ಮೂಲೆಯ ಬೀರುವಿನ ಕಡೆಯಿಂದ ಬಂದ ಹಾಗಿತ್ತು. ಒಂಬತ್ತು ದಿನ ವಿನೆಗರ್ ಕಾರ್ಖಾನೆಯಲ್ಲಿ ಓಡಾಡಿ ತಮ್ಮ ಅಂಗಿಗೇ ಹುಳಿ ಹತ್ತಿದೆ ಎಂದು ಇನ್ಸ್‌ಪೆಕ್ಟರು ತೀರ್ಮಾನಿಸಿದರು. ಮೂವತ್ತು ವರ್ಷದ ಸರ್ವೀಸಿನಲ್ಲಿ ಅವರು ಇಂಥ ಎಷ್ಟೋ ತೀರ್ಮಾನ ಮಾಡಿದ್ದರು.

ಹತ್ತಿ ಹೊರಬಂತು. ಸಂಜೆಯವರೆಗೆ ಬಿಸಿ ಕಾಫಿ ಇಲ್ಲ, ಗಟ್ಟಿ ತಿಂಡಿ ಇಲ್ಲ, ನಾಳೆ ಬೆಳಿಗ್ಗೆವರೆಗೆ ಹಲ್ಲುಜ್ಜುವ ಹಾಗಿಲ್ಲ ಎಂಬ ಆಜ್ಞೆಗಳಾದವು. ಕೊನೆಗೆ ಅವಳು ಕೈಗನ್ನಡಿ ಕೊಟ್ಟಳು.

ಕನ್ನಡಿಯಲ್ಲಿ ಹಲ್ಲೆಲ್ಲ ಹಳದಿ.

"ನಾಳೆ ಉಜ್ಜಿದ್ರೆ ಹೋಗುತ್ತೆ. ಬಿಳೀದೂ ಸಿಗುತ್ತೆ, ನನಗೆ ಇದೇ ಸರಿ. ಎಲ್ಲಿ ಹಚ್ಚಿದೆ, ಎಲ್ಲಿ ಬಿಟ್ಟೆ ಅಂತ ಕಣ್ಣಿಗೆ ಕಾಣುತ್ತೆ."

ಇನ್ಸ್‌ಪೆಕ್ಟರು ಕನ್ನಡಿ ಕೆಳಗಿಡಲಿಲ್ಲ. ಈ ಹಳದಿಯನ್ನು ಅವರು ಇನ್ನೊಂದು ಬಾಯಲ್ಲಿ ನೋಡಿದ್ದರು.

ಹೋದ ವಾರದ ಮಂಗಳವಾರ, ಜಾಡಿ ಹೋದ ದಿನ, ಮಧ್ಯಾಹ್ನ ಎರಡಕ್ಕೆ ಯಜಮಾನರು ಕಳ್ಳನ ಪತ್ತೆಗೆಂದು ಅವರನ್ನು ಕಾರ್ಖಾನೆಗೆ ಕರೆಸಿದ್ದರು. ಎಲ್ಲರಿಗೂ ಬಿಸಿ ಚಹಾ ಬಂದಿತ್ತು. ಮೇಷ್ಟ್ರು ಮಾತ್ರ ಲೋಟ ಹಿಡಿದು, ಕೆನೆ ಕಟ್ಟುವವರೆಗೂ ಕೂತು, ಕುಡಿಯದೆ ಕೆಳಗಿಟ್ಟರು. ಮಾತಾಡುವಾಗ ಅವರ ಹಲ್ಲು ಹಳದಿ. ಮರುದಿನ ಬಿಳಿ. ಇನ್ಸ್‌ಪೆಕ್ಟರು ಅದನ್ನು ಪುಸ್ತಕದಲ್ಲಿ ಬರೆದೂ ಇಟ್ಟಿದ್ದರು: 'ಮೇಷ್ಟ್ರು ಇವತ್ತು ಹಲ್ಲುಜ್ಜಿಲ್ಲ. ಮನಸ್ಸಿನಲ್ಲಿ ಆತಂಕ?'

"ಹೋದ ವಾರ ಮಂಗಳವಾರ," ಎಂದು ಅವರು ಶುರುಮಾಡಿದರು.

"ಪೇಷೆಂಟ್ ಬಾಯಲ್ಲಿ ಕಂಡಿದ್ದು ನನ್ನ ಬಾಯಿಂದ ಬರಲ್ಲ," ಎಂದಳು ತಂಗಿ, ಕೈಗವಸು ಕಳಚುತ್ತ. "ನಿನ್ನೆ ಯಾರ ಮನೆಗೆ ಹೋಗಿದ್ದೆ ಅಂತ ನೀನು ಕೇಳಿದಾಗ ನಾನು ಹೇಳಿದ್ನಾ? ಇದನ್ನೂ ಹೇಳಲ್ಲ."

ಹೇಳಿರಲಿಲ್ಲ, ನಿಜ. ನಿನ್ನೆ ಅವಳು ಯಾವುದೋ ಪೇಷೆಂಟ್ ಮನೆಗೆ ಹೋಗಿ ಮಧ್ಯಾಹ್ನದ ಊಟಕ್ಕೆ ತಡವಾಗಿ ಬಂದಿದ್ದಳು. ಭಾರವಾದ ಬ್ಯಾಗನ್ನು ತಾವು ಎತ್ತಲು ಹೋದರೆ ಕಿತ್ತುಕೊಂಡಿದ್ದಳು. ವೃತ್ತಿಧರ್ಮದಲ್ಲಿ ಅವಳು ಅಷ್ಟು ಕಟ್ಟುನಿಟ್ಟು.

ಆದರೆ ಮಂಗಳವಾರದ ಪ್ರಶ್ನೆಯನ್ನು ಅವರಿನ್ನೂ ಕೇಳಿಯೇ ಇರಲಿಲ್ಲ. ಕೇಳುವ ಮೊದಲೇ ಬಂದ ನಿರಾಕರಣೆಗೆ ಪೊಲೀಸ್ ಇಲಾಖೆಯಲ್ಲಿ ಬೇರೆ ಹೆಸರಿದೆ. ಇನ್ಸ್‌ಪೆಕ್ಟರು ಹಳದಿ ಹಲ್ಲು ಬಿಟ್ಟು ನಕ್ಕು, ಚಪ್ಪಲಿ ಮೆಟ್ಟಿಕೊಂಡರು.

*

ಕ್ಲಿನಿಕ್ಕಿನಿಂದ ಕಾರ್ಖಾನೆಗೆ ಹತ್ತು ನಿಮಿಷದ ನಡಿಗೆ. ಸೈಕಲ್ ರಿಪೇರಿ ಅಂಗಡಿ, ಆಮೇಲೆ ಬೀಗ ಹಾಕಿದ ಮುದ್ರಣಾಲಯ, ಆಮೇಲೆ ಬಾಟಲಿ ತೊಳೆಯುವ ಸದ್ದು. ಬಿಸಿಲು ಹಿತವಾಗಿತ್ತು. ಹಲ್ಲಿನ ಮೇಲೆ ನಾಲಗೆ ಆಡಿಸಿದರೆ ಹೊಸದಾಗಿ ಬಣ್ಣ ಬಳಿದ ಬೆಂಚಿನ ಮೇಲೆ ಕೂತಂತೆ. ಇನ್ಸ್‌ಪೆಕ್ಟರಿಗೆ ಬಹಳ ದಿನಗಳ ಮೇಲೆ ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಬಂದಿತ್ತು.

ಯಜಮಾನರು ಬಾಗಿಲಲ್ಲೇ ಸಿಕ್ಕರು. ದೂರಿನ ಅರ್ಜಿಯನ್ನು ಟೈಪ್ ಮಾಡಿಸಿ ಆಗಿದೆ, ಸಹಿ ಮಾತ್ರ ಬಾಕಿ ಎಂದು ತಿಳಿಸಿದರು. ತಾನು ಕೆಟ್ಟವನಲ್ಲ, ಮೇಷ್ಟ್ರ ಮೇಲೆ ತನಗೂ ಗೌರವವಿದೆ, ಆದರೆ ಹೆಪ್ಪೇ ಇಲ್ಲದೆ ವಿನೆಗರ್ ಹೇಗೆ ಮಾಡುವುದು ಎಂದು ಕೇಳಿದರು. ಕೇಳಿದ್ದು ನ್ಯಾಯವೇ. ಮೊಸರಿಗೆ ಹೇಗೋ ವಿನೆಗರಿಗೂ ಹಾಗೆ. ಐವತ್ತು ವರ್ಷದ ಹಿಂದೆ ಯಜಮಾನರ ತಾಯಿ ಕೂಡಿಸಿದ ಹೆಪ್ಪು, ತೆಳು ಚರ್ಮದಂತೆ ತೇಲುತ್ತ, ಮಗುವಿನಷ್ಟೇ ಆರೈಕೆ ಮಾಡಿಸಿಕೊಳ್ಳುತ್ತ, ಒಂದು ಪುಟ್ಟ ಗಾಜಿನ ಜಾಡಿಯಲ್ಲಿ ಬದುಕಿತ್ತು. ಎಲ್ಲ ಪೀಪಾಯಿಗಳ ರುಚಿಯೂ ಅದರ ಮಕ್ಕಳು ಮೊಮ್ಮಕ್ಕಳದ್ದು.

ರುಚಿಯ ಕೋಣೆ ಕಟ್ಟಡದ ಹಿಂಭಾಗದಲ್ಲಿತ್ತು. ಬಿಳಿ ಟೈಲ್ಸು, ಒಂದು ಕಿಟಕಿ, ಮೇಜಿನ ಮೇಲೆ ಸಾಲಾಗಿ ಆರು ಗಾಜಿನ ಲೋಟ, ಉಗುಳಲು ಸ್ಟೀಲ್ ಪಾತ್ರೆ, ದಪ್ಪ ರಿಜಿಸ್ಟರು. ಒಂದು ತಟ್ಟೆಯಲ್ಲಿ ಗಟ್ಟಿ ಚೀಸು, ಸಣ್ಣ ಚಾಕು. ಹುಳಿ ನೋಡಿದ ಮೇಲೆ ಚೀಸು ಅಗಿದರೆ ಹಲ್ಲಿಗೆ ಒಳ್ಳೆಯದೆಂದು ಮೇಷ್ಟ್ರಿಗೆ ಯಾರೋ ಹೇಳಿದ್ದರು. ಯಾರೆಂದು ಇನ್ಸ್‌ಪೆಕ್ಟರಿಗೆ ಈಗ ಗೊತ್ತಿತ್ತು. ಗೋಡೆಯ ಹಲಗೆಯ ಮೇಲೆ ಜಾಡಿ ಇದ್ದ ಕಡೆ ಒಂದು ದುಂಡನೆಯ ಕಲೆ ಮಾತ್ರ ಉಳಿದಿತ್ತು.

ಮೇಷ್ಟ್ರು ಲೋಟಗಳನ್ನು ಒರೆಸುತ್ತ ಕೂತಿದ್ದರು. ಒರೆಸುವಂಥದ್ದು ಏನೂ ಇರಲಿಲ್ಲ.

ಅವರ ಮಗಳು ಚಹಾ ತಂದಳು. ಲೇಬಲ್ ಅಂಟಿಸುವ ವಿಭಾಗದವಳು, ಬೆರಳ ತುದಿಗಳಲ್ಲಿ ಒಣಗಿದ ಗೋಂದು. ಇಪ್ಪತ್ತೆಂಟು ವಯಸ್ಸು, ಅಪ್ಪನದೇ ಹುಬ್ಬು. ಇನ್ಸ್‌ಪೆಕ್ಟರ ಮುಂದೆ ಲೋಟ ಇಟ್ಟು, ಅಪ್ಪನ ಮುಂದೆ ಇಡುವಾಗ ಮಾತ್ರ ಕೈ ಒಂದು ಕ್ಷಣ ತಡೆದಳು. ಅಪ್ಪ ಅವಳ ಮುಖ ನೋಡಲಿಲ್ಲ. ಅವಳು ಅಪ್ಪನ ಮುಖ ನೋಡಲಿಲ್ಲ. ಒಂಬತ್ತು ದಿನದಿಂದ ಹೀಗೇ ಎಂದು ಲೇಬಲ್ ವಿಭಾಗದವರು ಹೇಳಿದ್ದರು.

ಅವಳು ಹೊರಗೆ ಹೋದಳು. ಮೇಷ್ಟ್ರು ಚಹಾ ಕುಡಿಯುವಂತೆ ಕೈ ತೋರಿಸಿದರು.

"ಇವತ್ತು ಬಿಸಿ ಕುಡಿಯೋ ಹಾಗಿಲ್ಲ ಮೇಷ್ಟ್ರೇ," ಎಂದು ಇನ್ಸ್‌ಪೆಕ್ಟರು ನಿಧಾನವಾಗಿ, ಮೇಲಿನ ಸಾಲು ಕೆಳಗಿನ ಸಾಲು ಎರಡೂ ಕಾಣುವಂತೆ, ನಕ್ಕರು.

ಒರೆಸುತ್ತಿದ್ದ ಬಟ್ಟೆ ನಿಂತಿತು. ಮೇಷ್ಟ್ರು ಆ ಹಳದಿಯನ್ನು, ಅಪರಿಚಿತ ಊರಲ್ಲಿ ತಮ್ಮದೇ ಅಂಗಿ ತೊಟ್ಟವನನ್ನು ಕಂಡಂತೆ ನೋಡಿದರು.

ಮಂಗಳವಾರದ ಲೆಕ್ಕ ಸರಳವಾಗಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಯಜಮಾನರು ಇಣುಕಿದಾಗ ಜಾಡಿ ಹಲಗೆಯ ಮೇಲಿತ್ತು, ಮೇಷ್ಟ್ರು ತೋಳು ಮಡಚುತ್ತಿದ್ದರು. ಒಂದೂಕಾಲಿಗೆ ಬಂದಾಗ ಮೇಷ್ಟ್ರಿದ್ದರು, ಜಾಡಿ ಇರಲಿಲ್ಲ. ಕೋಣೆಗೆ ಎರಡೇ ಕೀಲಿ, ಒಂದು ಯಜಮಾನರದು, ಒಂದು ಮೇಷ್ಟ್ರದು. ಆ ಹೊತ್ತಿನಲ್ಲಿ ಆರು ಪೀಪಾಯಿ ರುಚಿ ನೋಡಿ ರಿಜಿಸ್ಟರಿನಲ್ಲಿ ಬರೆದದ್ದು ಮೇಷ್ಟ್ರದೇ ಅಕ್ಷರದಲ್ಲಿತ್ತು. ತಾನು ಕೋಣೆ ಬಿಟ್ಟು ಕದಲಲೇ ಇಲ್ಲ, ಯಾರೂ ಬರಲೂ ಇಲ್ಲ ಎಂದು ಅವರೇ ನಾಲ್ಕು ಸಲ ಹೇಳಿದ್ದರು. ಇನ್ನೊಬ್ಬರ ಕೊರಳಿಗೆ ಹಗ್ಗ ಹಾಕುವ ಸಾಕ್ಷಿಗಳನ್ನು ಇನ್ಸ್‌ಪೆಕ್ಟರು ಬೇಕಾದಷ್ಟು ನೋಡಿದ್ದರು. ತನ್ನ ಕೊರಳಿಗೆ ತಾನೇ ಅಳತೆ ತೆಗೆದು ಹಾಕಿಕೊಳ್ಳುವವರು ಇವರೇ ಮೊದಲು.

"ಆವತ್ತು ಹನ್ನೊಂದರಿಂದ ಒಂದರವರೆಗೆ ನೀವು ಇಲ್ಲಿರ್ಲಿಲ್ಲ. ನನ್ನ ತಂಗಿ ಕುರ್ಚಿಯಲ್ಲಿದ್ರಿ."

"ಡಾಕ್ಟರಮ್ಮ ಹೇಳಿದ್ರಾ?"

"ಅವಳು ಸತ್ರೂ ಹೇಳಲ್ಲ. ನಿಮ್ಮ ಹಲ್ಲು ಹೇಳಿತ್ತು, ನನಗೆ ಅರ್ಥ ಆಗಿರ್ಲಿಲ್ಲ. ಒಂದು ಮಾತು ಹೇಳಿದ್ರೆ ಆವತ್ತೇ ಬಿಡುಗಡೆ ಆಗ್ತಿತ್ತು ನಿಮಗೆ. ಯಾಕೆ ಹೇಳಲಿಲ್ಲ?"

ಮೇಲಿಂದ ಟಕ್ ಟಕ್ ಎಂದು ಎರಡು ಸಲ ಕೋಲು ಕುಟ್ಟಿದ ಸದ್ದಾಯಿತು. ಯಜಮಾನರ ತಾಯಿ, ಎಲ್ಲರಿಗೂ ದೊಡ್ಡಮ್ಮ, ಈ ಕೋಣೆಯ ನೇರ ಮೇಲೆ ವಾಸ. ಮಂಡಿ ನೋವಿನಿಂದ ಕೆಳಗಿಳಿಯದೆ ನಾಲ್ಕು ವರ್ಷವಾಗಿತ್ತು. ಮೂರಕ್ಕೆ ಚಹಾ ಬರದಿದ್ದರೆ ಕೋಲು ಮಾತಾಡುತ್ತಿತ್ತು. ಮೇಷ್ಟ್ರು ಅಭ್ಯಾಸಬಲದಿಂದ ಮೇಲೆ ನೋಡಿ, ಮತ್ತೆ ಲೋಟಗಳ ಕಡೆ ತಿರುಗಿದರು.

ಆಮೇಲೆ ಹೇಳತೊಡಗಿದರು. ಎರಡು ವರ್ಷದ ಹಿಂದೆ ಒಂದು ಜ್ವರ ಬಂದು ಹೋಯಿತು, ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ವಾಸನೆಯಿಲ್ಲ, ವಾಸನೆಯಿಲ್ಲದ ಮೇಲೆ ರುಚಿ ಎಲ್ಲಿಯದು. ಮನೆಯಲ್ಲೂ ಹೇಳಲಿಲ್ಲ. ಕೆಲಸ ಹೇಗೆ ನಡೆಸಿದಿರಿ ಎಂದಾಗ ಅವರು ತಮ್ಮ ಮುಂಬಲ್ಲಿಗೆ ಬೆರಳು ತಟ್ಟಿ ತೋರಿಸಿದರು.

"ಇವು ಹೇಳ್ತಿದ್ವು. ಮೂವತ್ತು ವರ್ಷ ಹುಳಿ ಕುಡಿದು ಸವೆದಿದ್ವಲ್ಲ. ಬಾಯಲ್ಲಿ ಹಿಡಿದ್ರೆ ಎಷ್ಟು ಜುಮ್ ಅನ್ನುತ್ತೋ ಅಷ್ಟು ಹುಳಿ. ನೂರಕ್ಕೆ ನಾಲ್ಕಾ, ಐದಾ, ಆರಾ, ಕರಾರುವಾಕ್ಕು. ಲ್ಯಾಬಿನವರ ಲೆಕ್ಕಕ್ಕೂ ನಂದಕ್ಕೂ ಕೂದಲೆಳೆ ವ್ಯತ್ಯಾಸ ಬರ್ತಿರ್ಲಿಲ್ಲ."

ಪರಿಮಳದ ಭಾಗವನ್ನು ನೆನಪಿನಿಂದ ಬರೆಯುತ್ತಿದ್ದರಂತೆ. ಡಾಕ್ಟರಮ್ಮ ವಾರ್ನಿಷ್ ಹಚ್ಚಿಸಿಕೊಳ್ಳಿ ಎಂದು ಎರಡು ವರ್ಷದಿಂದ ದುಂಬಾಲು ಬಿದ್ದಿದ್ದರು. ಇವರು ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ನೋವು ನಿಂತರೆ ಕೆಲಸವೂ ನಿಂತಂತೆ. ಆ ಮಂಗಳವಾರ ಮೊದಲ ಗುಟುಕಿಗೇ ಕಣ್ಣಿಗೆ ಕತ್ತಲೆ ಕಟ್ಟಿತು. ಇನ್ನು ಮೂರೇ ವಾರದ ಸರ್ವೀಸು, ಹೋಗಲಿ ಎಂದು ಹಿಂಬಾಗಿಲಿಗೆ ಬೀಗ ಹಾಕಿ ನಡೆದುಬಿಟ್ಟರು. ಲೋಟಗಳೆಲ್ಲ ತುಂಬಿಯೇ ಇದ್ದವು. ರಿಜಿಸ್ಟರಿನ ಪುಟ ಖಾಲಿ.

"ಒಂದಕ್ಕೆ ಬಂದೆ. ಪುಟ ತುಂಬಿತ್ತು."

ಇನ್ಸ್‌ಪೆಕ್ಟರು ರಿಜಿಸ್ಟರನ್ನು ಎಳೆದುಕೊಂಡರು. ಆರು ಪೀಪಾಯಿಗೆ ಆರು ಷರಾ. ನಾಲ್ಕನೆಯದರ ಮುಂದೆ, 'ಒದ್ದೆ ಮರದ ವಾಸನೆ, ಪಕ್ಕಕ್ಕೆ ತೆಗೆಯಿರಿ.' ಮರುದಿನ ಆ ಪೀಪಾಯಿ ಒಡೆದು ನೋಡಿದಾಗ ಒಳಗಿನ ಹಲಗೆ ನಿಜವಾಗಿಯೂ ಕೊಳೆತಿತ್ತು. ನೆನಪಿನಿಂದ ಬರೆಯುವ ಷರಾ ಅಲ್ಲ ಅದು. ಒಳ್ಳೆಯ ಮೂಗೊಂದು ಇಲ್ಲಿ ಕೂತು ಬರೆದಿತ್ತು.

"ಅಕ್ಷರ ನಿಮ್ಮದೇ."

"ನಂದೇ ಥರ. ಸ್ಕೂಲಲ್ಲಿ ಪ್ರೋಗ್ರೆಸ್ ಕಾರ್ಡಿಗೆ ನನ್ನ ಸಹಿ ತಾನೇ ಹಾಕ್ಕೊಂಡು ಹೋಗ್ತಿದ್ಳು ಅವಳು. ನನಗೇ ಗುರುತು ಸಿಗ್ತಿರ್ಲಿಲ್ಲ." ಮೇಷ್ಟ್ರು ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದರು. "ಕೀಲಿ ಮನೇಲಿ ಮೊಳೆಗೆ ನೇತಾಕಿರ್ತೀನಿ. ಇನ್ನೊಂದು ಮಾಡಿಸೋದು ಏನು ಕಷ್ಟ? ಅಪ್ಪನ ಮೂಗು ಹೋಗಿದೆ ಅಂತ ಅವಳಿಗೆ ಹೇಗೋ ಗೊತ್ತಾಗಿದೆ, ಮಾನ ಉಳಿಸೋಕೆ ಬಂದಿದ್ದಾಳೆ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಜಾಡಿ ಇಲ್ಲ. ಆ ಕೋಣೇಲಿ ಆವತ್ತು ಯಾರೋ ಇದ್ರು ಅಂತ ಹೇಳಲೇಬೇಕು ಅಂದ್ರೆ, ಅದು ನಾನೇ ಆಗಿರ್ಲಿ."

ಇನ್ಸ್‌ಪೆಕ್ಟರು ರಿಜಿಸ್ಟರಿನಿಂದ ತಲೆ ಎತ್ತಿದರು. ಮಗಳನ್ನು ಕೇಳಿದಿರಾ ಎಂದು ವಿಚಾರಿಸಿದರು. ಕೇಳಿದರೆ ಅವಳು ಹೌದೆಂದುಬಿಟ್ಟರೇನು ಗತಿ ಎಂದು ಮೇಷ್ಟ್ರು ಹೇಳಿದರು. ಮಗಳು ಅಪ್ಪನನ್ನು ಕೇಳದಿದ್ದುದಕ್ಕೂ ಕಾರಣ ಇದೇ ಇರಬೇಕು. ಒಂದೇ ಮನೆಯಲ್ಲಿ ಎರಡು ಬಾಯಿಗಳು ಒಂಬತ್ತು ದಿನ ಪರಸ್ಪರ ಕಾಪಾಡುತ್ತ ಮುಚ್ಚಿಕೊಂಡಿದ್ದವು.

ಆಗ ಇನ್ಸ್‌ಪೆಕ್ಟರಿಗೆ ಚೀಸಿನ ನೆನಪಾಯಿತು.

ಮಂಗಳವಾರ ಆ ತಟ್ಟೆಯಲ್ಲಿ ಕಚ್ಚಿದ ಚೀಸಿನ ತುಂಡೊಂದಿತ್ತು. ಮೇಷ್ಟ್ರು ಚಾಕುವಿನಲ್ಲಿ ಉಗುರಿನಷ್ಟು ಕತ್ತರಿಸಿಕೊಂಡು ತಿನ್ನುವವರು, ಕಚ್ಚುವವರಲ್ಲ. ಅದು ವಿಚಿತ್ರವೆನಿಸಿ ಇನ್ಸ್‌ಪೆಕ್ಟರು ತುಂಡನ್ನು ಕರವಸ್ತ್ರದಲ್ಲಿ ಕಟ್ಟಿ ಒಯ್ದು, ಡಬ್ಬಿಗೆ ಹಾಕಿ, ಮೇಲೆ 'ಮುಟ್ಟಬೇಡ' ಎಂದು ಚೀಟಿ ಅಂಟಿಸಿ ಮನೆಯ ಫ್ರಿಜ್ಜಿನಲ್ಲಿ ಇಟ್ಟಿದ್ದರು. ಹಲ್ಲಿನ ಗುರುತಿರುವ ವಸ್ತು, ಹಲ್ಲಿನ ಡಾಕ್ಟರ ಫ್ರಿಜ್ಜು. ಒಂಬತ್ತು ದಿನ. ಒಂದು ಸಲ ತೋರಿಸಿ ಕೇಳಬಹುದಿತ್ತು. ಆದರೆ ಹಲ್ಲಿನ ಮಾತು ತೆಗೆದರೆ ಅವಳು ಮೊದಲು 'ನಿಂದು ತೋರಿಸು' ಎನ್ನುತ್ತಿದ್ದಳು.

ಅವರು ಫೋನು ತೆಗೆದು ತಂಗಿಗೆ ಡಬ್ಬಿ ತರಲು ಹೇಳಿದರು. ಏನಿದೆ ಅದರಲ್ಲಿ ಎಂದು ಅವಳು ಕೇಳಿದಾಗ, ಬಂದ ಮೇಲೆ ಬೈಯುವೆಯಂತೆ ಎಂದರು.

*

ಅವಳು ಬಂದಾಗ ನಾಲ್ಕೂವರೆ. ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಚ್ಚಳ ತೆಗೆದಳು. ಅಂಚಿಗೆ ಸ್ವಲ್ಪ ಬೂಷ್ಟು ಬಂದಿತ್ತು. ಕಚ್ಚಿದ ಗುರುತು ಅಚ್ಚು ಹೊಡೆದಂತಿತ್ತು. ಅವಳು ನಗುತ್ತಾಳೆಂದು ಇನ್ಸ್‌ಪೆಕ್ಟರು ಕಾದರು. ಅವಳು ನಗಲಿಲ್ಲ. ಏನನ್ನೋ ಲೆಕ್ಕ ಹಾಕುವವಳಂತೆ ಡಬ್ಬಿಯನ್ನು ಅತ್ತಿತ್ತ ತಿರುಗಿಸಿದಳು.

"ಇದು ಇವರ ಮಗಳ ಹಲ್ಲಾ?" ಎಂದು ಇನ್ಸ್‌ಪೆಕ್ಟರು ಕೇಳಿದರು. ಮೇಷ್ಟ್ರು ಮೇಜಿನ ಅಂಚು ಹಿಡಿದುಕೊಂಡರು.

"ಯಾರ ಹಲ್ಲೂ ಅಲ್ಲ."

"ಅಂದ್ರೆ?"

"ಬೆಳೆದ ಹಲ್ಲಲ್ಲ ಅಣ್ಣ, ಮಾಡಿದ ಹಲ್ಲು. ನೋಡು, ಎಲ್ಲ ಒಂದೇ ಎತ್ತರ, ಸವೆತವೇ ಇಲ್ಲ. ಪೇಷೆಂಟ್ ಬಗ್ಗೆ ನಾನು ಮಾತಾಡಲ್ಲ, ನನ್ನ ಕೈಕೆಲಸದ ಬಗ್ಗೆ ಮಾತಾಡಬಹುದು." ಅವಳು ಕಿರುಬೆರಳಿನಿಂದ ಗುರುತಿನ ಒಂದು ಮೂಲೆ ತೋರಿಸಿದಳು. "ಪೂರ್ತಿ ಸಾಲು ನೆಟ್ಟಗಿದ್ರೆ ಸುಳ್ಳು ಸುಳ್ಳು ಕಾಣುತ್ತೆ ಅಂತ ನಾನು ಪ್ರತಿ ಸೆಟ್ಟಿನಲ್ಲೂ ಒಂದು ಹಲ್ಲನ್ನ ಸ್ವಲ್ಪ ತಿರುಗಿಸಿ ಕೂರಿಸ್ತೀನಿ. ಒಬ್ಬರಿಗೆ ಮಾಡಿದ ಹಾಗೆ ಇನ್ನೊಬ್ಬರಿಗೆ ಮಾಡಲ್ಲ. ಎಡಗಡೆ ಎರಡನೇದು, ಒಳಗಡೆಗೆ ತಿರುಗಿರೋದು, ಒಂದೇ ಸೆಟ್ಟು."

ಅವಳು ಹೆಸರು ಹೇಳಲಿಲ್ಲ. ತಲೆಯೆತ್ತಿ ಚಾವಣಿಯನ್ನು ನೋಡಿದಳು, ಅಷ್ಟೇ.

ಮೇಷ್ಟ್ರು ಅವಳ ದೃಷ್ಟಿ ಹಿಡಿದು ಮೇಲೆ ನೋಡಿದರು. ಆಮೇಲೆ ಎದ್ದು ಬೀರು ತೆಗೆದು, ತಳದಿಂದ ಒಂದು ಹಳೆಯ ರಿಜಿಸ್ಟರನ್ನು ಎಳೆದರು. ಬೆನ್ನು ಕಿತ್ತುಬಂದ, ಅವರು ಕೆಲಸಕ್ಕೆ ಸೇರುವುದಕ್ಕಿಂತ ಹಿಂದಿನ ಪುಸ್ತಕ. ತೆರೆದು ಮಂಗಳವಾರದ ಪುಟದ ಪಕ್ಕಕ್ಕಿಟ್ಟರು.

ಅದೇ ಅಕ್ಷರ. ಅದೇ ಬಾಗಿದ ಗೀಟು, ಅದೇ ಉದ್ದ ಬಾಲ.

ಕಾರ್ಖಾನೆಯ ಮೊದಲ ನಾಲಗೆ ದೊಡ್ಡಮ್ಮನದು. ವಾರ್ನಿಷ್ ಹಚ್ಚುವವರು ಯಾರೂ ಇಲ್ಲದ ಕಾಲದಲ್ಲಿ ಇಪ್ಪತ್ತು ವರ್ಷ ಹುಳಿ ಸವಿದು, ಇದ್ದ ಹಲ್ಲನ್ನೆಲ್ಲ ಅದಕ್ಕೇ ಒಪ್ಪಿಸಿದವರು. ಕೆಲಸ ಕಲಿಯಲು ಬಂದ ಮೇಷ್ಟ್ರನ್ನು ಅವರು ಮೊದಲ ವರ್ಷ ಲೋಟ ಮುಟ್ಟಲು ಬಿಟ್ಟಿರಲಿಲ್ಲ. ಹಳೆಯ ರಿಜಿಸ್ಟರುಗಳನ್ನು ಸಾಲು ಸಾಲಾಗಿ ನಕಲು ಮಾಡಲು ಕೂರಿಸಿದ್ದರು. ರುಚಿಗಿಂತ ಮೊದಲು ರುಚಿಯ ಮಾತು ಕೈಗೆ ಬರಬೇಕೆಂಬುದು ಅವರ ಪಾಠ. ಮಾತಿನ ಜೊತೆ ಅಕ್ಷರವೂ ಬಂದುಬಿಟ್ಟಿತ್ತು. ಮೂವತ್ತೊಂದು ವರ್ಷದಿಂದ ಮೇಷ್ಟ್ರು ತಮ್ಮದೆಂದು ತಿಳಿದು ಬರೆದದ್ದೆಲ್ಲ ಆಕೆಯ ಕೈಬರಹ.

"ಮಗಳಲ್ಲ," ಎಂದರು ಮೇಷ್ಟ್ರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ, ಈ ಸಲ ಲೋಟಗಳಿಗೆ ಹೇಳಿದಂತೆ, "ನನ್ನ ಮಗಳಲ್ಲ." ಆಮೇಲೆ ಬಾಗಿಲಿಗೆ ಹೋಗಿ ಅವಳನ್ನು ಹೆಸರು ಹಿಡಿದು ಕರೆದರು. ಅವಳು ಗೋಂದಿನ ಕೈಯಲ್ಲೇ ಓಡಿ ಬಂದಳು. ಅಪ್ಪ ಏನೂ ವಿವರಿಸಲಿಲ್ಲ. ತಣ್ಣಗಾಗಿದ್ದ ಚಹಾ ಎತ್ತಿ ಅವಳೆದುರೇ ಪೂರ್ತಿ ಕುಡಿದು ಲೋಟ ಕೊಟ್ಟರು. ಅವಳು ಲೋಟ ಹಿಡಿದು ನಿಂತೇ ಇದ್ದಳು. ಇನ್ಸ್‌ಪೆಕ್ಟರು ಗಡಿಯಾರ ನೋಡಿದರು.

ಐದಕ್ಕೆ ಹದಿನೈದು ನಿಮಿಷವಿತ್ತು.

ಕೋಣೆಯ ಹಿಂದಿನ ಓಣಿಯಲ್ಲಿ ಇಕ್ಕಟ್ಟಾದ ಮೆಟ್ಟಿಲು. ಇನ್ಸ್‌ಪೆಕ್ಟರು ಮುಂದೆ, ಮೇಷ್ಟ್ರು ಹಿಂದೆ, ಕೊನೆಯಲ್ಲಿ ತಂಗಿ. ಕಾರ್ಖಾನೆಯ ಮೂಲೆ ಮೂಲೆ ಹುಡುಕಿಸಿದ್ದ ಯಜಮಾನರಿಗೆ ತಾಯಿಯ ಕೋಣೆ ಹುಡುಕಿಸುವ ಎದೆಗಾರಿಕೆ ಮಾತ್ರ ಇರಲಿಲ್ಲ. ಜಾಡಿ ಹೋದ ಸುದ್ದಿಯನ್ನೇ ಅವರು ತಾಯಿಗೆ ಮುಟ್ಟಿಸಿರಲಿಲ್ಲ, ಎದೆ ಒಡೆದೀತೆಂದು.

ದೊಡ್ಡಮ್ಮ ಕಿಟಕಿಯ ಹತ್ತಿರ, ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎಂಬತ್ತರ ಮುಖ, ಇಪ್ಪತ್ತರ ಹಲ್ಲು. ಎಡಗಡೆ ಎರಡನೆಯದು ಸ್ವಲ್ಪ ಒಳಕ್ಕೆ ತಿರುಗಿತ್ತು.

ಇನ್ಸ್‌ಪೆಕ್ಟರು ವಿಷಯ ತಿಳಿಸಿದರು. ಮೇಷ್ಟ್ರ ಮೇಲೆ ದೂರು ಎಂದಾಗ ದೊಡ್ಡಮ್ಮ ಕೋಲನ್ನು ಒಮ್ಮೆ ನೆಲಕ್ಕೆ ಕುಟ್ಟಿ, ಮಗನ ಬುದ್ಧಿಯ ಬಗ್ಗೆ ನಾಲ್ಕು ಮಾತಾಡಿದರು. ಆಮೇಲೆ ಮೇಷ್ಟ್ರ ಕಡೆ ತಿರುಗಿದರು.

"ನನ್ನ ಅಕ್ಷರ ಗುರುತು ಸಿಗಲಿಲ್ವೇನೋ ನಿನಗೆ?"

"ನಂದೇ ಅಂದ್ಕೊಂಡೆ ಅಮ್ಮ," ಎಂದರು ಮೇಷ್ಟ್ರು, ಹೊಸದಾಗಿ ಕೆಲಸಕ್ಕೆ ಸೇರಿದವರ ದನಿಯಲ್ಲಿ.

ಎರಡು ವರ್ಷದಿಂದ ತಟ್ಟೆಗೆ ಬರುವ ವಿನೆಗರಿನಲ್ಲಿ ಹುಳಿಯಿದೆ, ಜೀವವಿಲ್ಲ ಎಂದು ದೊಡ್ಡಮ್ಮನಿಗೆ ಗೊತ್ತಾಗಿತ್ತು. ಹೇಳಿದರೆ ಮೇಷ್ಟ್ರ ಕೆಲಸ ಹೋಗುತ್ತದೆ. ಆ ಮಂಗಳವಾರ ಮೇಷ್ಟ್ರು ಕೆನ್ನೆ ಹಿಡಿದುಕೊಂಡು ಹಿಂಬಾಗಿಲಿನಿಂದ ಹೋಗುವುದು ಕಿಟಕಿಯಲ್ಲಿ ಕಂಡಿತು. ಯಾರೂ ಲೆಕ್ಕಕ್ಕೆ ಹಿಡಿಯದ ಮೂರನೆಯ ಕೀಲಿ ಆಕೆಯ ಸೊಂಟದಲ್ಲೇ ಇತ್ತು. ಚಿಕ್ಕ ಮಗುವಿನಂತೆ ಮೆಟ್ಟಿಲ ಮೇಲೆ ಕೂತು ಕೂತು ಇಳಿದರು, ರುಚಿ ನೋಡಿದರು, ಬರೆದರು, ಚೀಸು ಕಚ್ಚಿದರು. ಜಾಡಿಯ ಮುಚ್ಚಳ ತೆಗೆದಾಗ ಹೆಪ್ಪಿನ ಮೇಲೆ ಬಿಳಿ ಚುಕ್ಕೆ ಕಂಡಿತು.

"ಸೊರಗಿತ್ತು. ನೋಡೋರಿಲ್ಲದೆ ಸೊರಗಿತ್ತು. ಹದಿನೈದು ದಿನ ನಾನೇ ಆರೈಕೆ ಮಾಡಿ ವಾಪಸ್ ಇಡೋಣ ಅಂತ ತಂದೆ. ಒಂದು ಮೆಟ್ಟಿಲು ಜಾಡಿ, ಒಂದು ಮೆಟ್ಟಿಲು ನಾನು."

ಕೆಳಗೆ ಯಜಮಾನರ ಕಾರು ಶುರುವಾಗುವ ಸದ್ದು ಕೇಳಿತು. ಇನ್ಸ್‌ಪೆಕ್ಟರು ಕಿಟಕಿಯಿಂದ ಬಗ್ಗಿ, ಐದೇ ನಿಮಿಷ ನಿಲ್ಲುವಂತೆ ಕೈ ಮಾಡಿ, ಸಂತೋಷದಿಂದ ಹಿಂದಿರುಗಿದರು. ಹಾಗಾದರೆ ಜಾಡಿ ಕೊಡಿ ದೊಡ್ಡಮ್ಮ, ನಿಮ್ಮ ಮಗನ ಕೈಗೆ ನಾನೇ ಕೊಡುತ್ತೇನೆ ಎಂದರು.

ದೊಡ್ಡಮ್ಮ ಕೋಲಿನಿಂದ ಗೋಡೆಯ ಕಪಾಟಿನ ಬಾಗಿಲು ತಳ್ಳಿದರು. ಕೆಳಗಿನ ಕೋಣೆಯಲ್ಲಿ ಇದ್ದಂಥದೇ ದುಂಡನೆಯ ಕಲೆ, ಇನ್ನೂ ಹೊಸದು. ಅದರ ಮೇಲೆ ಏನೂ ಇರಲಿಲ್ಲ.

"ಇದ್ದಿದ್ರೆ ಕೊಡ್ತಿದ್ದೆ. ನಿನ್ನೆ ಬೆಳಿಗ್ಗೆ ನೋಡಿದಾಗ ಇಲ್ಲೇ ಇತ್ತು. ಮಧ್ಯಾಹ್ನ ನೋಡಿದೆ, ಇಲ್ಲ. ಮಧ್ಯದಲ್ಲಿ ಈ ರೂಮಿಗೆ ಬಂದೋರು ಒಬ್ಬರೇ, ನನ್ನ ಹಲ್ಲಿನ ಸೆಟ್ಟು ಒತ್ತುತ್ತೆ ಅಂತ ಸರಿ ಮಾಡೋಕೆ. ದೊಡ್ಡ ಬ್ಯಾಗ್ ತಂದಿದ್ರು."

ಇನ್ಸ್‌ಪೆಕ್ಟರಿಗೆ ಕ್ಲಿನಿಕ್ಕಿನಲ್ಲಿ ಹುಳಿ ವಾಸನೆ ಬಂದ ಮೂಲೆಯ ಬೀರು ನೆನಪಾಯಿತು. ಅಂಗಿಯ ತೋಳನ್ನು ಮೂಗಿಗೆ ಹಿಡಿದು ನೋಡಿದರು. ಸೋಪಿನ ವಾಸನೆ, ಅಷ್ಟೇ.

ಅವರು ತಿರುಗಿದರು. ಬಾಗಿಲ ಬಳಿ ತಂಗಿ ಚೀಸಿನ ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಕೂರಿಸುತ್ತಿದ್ದಳು. ಅದು ಆಗಲೇ ಕೂತಿತ್ತು.